ಬಾಗಿಲ ಪಕ್ಕದ ಹಲಗೆ

ಅವ್ವ ತೀರಿಕೊಂಡ ಹನ್ನೊಂದನೇ ದಿನ ಊರಿನವರು ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಫ್ಲೆಕ್ಸ್ ಕಟ್ಟಿಸಿದ್ದರು. ನಡುವೆ ಅವ್ವನ ಫೋಟೋ, ಕೆಳಗೆ ಕೆಂಪಕ್ಷರದಲ್ಲಿ ಮೂರು ಸಾಲು. ತಾಯಿಯಾಗಿ, ನರ್ಸಮ್ಮನಾಗಿ, ನಿವೃತ್ತಿಯಾದ ಮೇಲೂ ಊರಿನ ಸೇವಕಿಯಾಗಿ ಬದುಕು ಸವೆಸಿದವರು ಎಂದಿತ್ತು. ಬಂದ ವರ್ಗಾವಣೆಗಳನ್ನೆಲ್ಲ ನಮ್ಮ ಮೇಲಿನ ಪ್ರೀತಿಗಾಗಿ ಒಲ್ಲೆ ಎಂದವರು ಎಂದೂ ಇತ್ತು. ಆ ಕೊನೆಯ ಸಾಲು ಓದಿ ನನಗೆ ಸಿಟ್ಟು ಬಂತು. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಸಿದವರ ಮೇಲೆ ಸಿಟ್ಟಾಗುವುದು ಮರ್ಯಾದೆಯಲ್ಲ, ಗೊತ್ತು. ಆದರೆ ಅವ್ವ ಆ ಊರಲ್ಲಿ ಉಳಿದುಕೊಂಡದ್ದು ಪ್ರೀತಿಯಿಂದಲ್ಲ, ನನ್ನಿಂದ ಎಂದು ನಾನು ಹತ್ತನೇ ವಯಸ್ಸಿನಿಂದ ನಂಬಿಕೊಂಡು ಬಂದವಳು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಯಾರಾದರೂ ಫೋನು ಮಾಡಿ ಇದೇನು ಹಿಂಗೆ ಬರೆದುಬಿಟ್ಟಿದ್ದೀರಿ ಎಂದು ಕೇಳುತ್ತಾರೆ. ಒಂದು ದಿಕ್ಕಿಗೆ ಅಂತರಸಂತೆ, ಇನ್ನೊಂದು ದಿಕ್ಕಿಗೆ ಬೀಚನಹಳ್ಳಿ, ನಡುವೆ ಒಳಗೆ ಸಿಕ್ಕಿಕೊಂಡ ಊರು ಎಂದರೆ ಸಾಕು.

ನಾವಿದ್ದದ್ದು ಸರ್ಕಾರ ಕಟ್ಟಿಸಿಕೊಟ್ಟ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ. ಮುಂದಿನ ಕೋಣೆ ಆರೋಗ್ಯ ಉಪಕೇಂದ್ರ. ಅಲ್ಲಿ ರೆಕ್ಸಿನ್ ಹೊದೆಸಿದ ಕಬ್ಬಿಣದ ಮಂಚ, ಮಕ್ಕಳನ್ನು ಜೋಲಿಯಲ್ಲಿ ಹಾಕಿ ತೂಗುವ ತಕ್ಕಡಿ, ಮಾತ್ರೆಗಳ ಬೀರು, ಮತ್ತು ಗೋಡೆಯ ಮೇಲೆ ನಗುತ್ತಿರುವ ದುಂಡು ಮಗುವಿನ ಚಿತ್ರ ಇದ್ದವು. ಅಷ್ಟು ದುಂಡಗಿನ ಮಗುವನ್ನು ನಮ್ಮೂರಲ್ಲಿ ನಾನು ಒಂದನ್ನೂ ನೋಡಲಿಲ್ಲ. ಹಿಂದಿನ ಕೋಣೆ ನಮ್ಮದು. ಅಡುಗೆ, ಊಟ, ನಿದ್ದೆ, ನನ್ನ ಓದು ಎಲ್ಲ ಅಲ್ಲೇ. ಎರಡರ ನಡುವೆ ಒಂದು ಬಾಗಿಲಿತ್ತಂತೆ. ನನಗೆ ಬುದ್ಧಿ ಬರುವ ಮೊದಲು ಯಾವುದೋ ಮಳೆಗಾಲದಲ್ಲಿ, ಕೆಸರಲ್ಲಿ ಗಾಡಿ ಬರುವುದಿಲ್ಲವೆಂದು, ರಕ್ತ ಹೋಗುತ್ತಿದ್ದ ಬಾಣಂತಿಯೊಬ್ಬಳನ್ನು ಹೊತ್ತೊಯ್ಯಲು ಅವ್ವ ಆ ಬಾಗಿಲನ್ನು ಕೀಲಿನಿಂದ ಕಳಚಿಸಿ ಕೊಟ್ಟಳು. ಬಾಣಂತಿ ಉಳಿದಳು, ಬಾಗಿಲು ವಾಪಸು ಬರಲಿಲ್ಲ. ಅಲ್ಲಿಗೆ ಅವ್ವ ಹಳೇ ಸೀರೆಯೊಂದನ್ನು ಪರದೆ ಮಾಡಿ ಕಟ್ಟಿದಳು. ನಾನು ಆ ಪರದೆಯ ಈಚೆ ಬೆಳೆದವಳು. ಆಚೆ ಯಾರೋ ಹಲ್ಲು ಕಚ್ಚಿ ನರಳುತ್ತಿದ್ದರೆ ಈಚೆ ನಾನು ಹದಿಮೂರರ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ನೋವು ಜೋರಾದಾಗ ನಾನೂ ಜೋರಾಗಿ ಹೇಳುತ್ತಿದ್ದೆ. ಹದಿಮೂರರ ಮಗ್ಗಿ ನನಗೆ ಈಗಲೂ ಕಿರುಚಿಯೇ ಬರುವುದು.

ಬಾಗಿಲಿಲ್ಲದ ಮನೆಗೆ ಯಾರು ಬೇಕಾದರೂ ಬರಬಹುದು, ಬಂದರು. ಬಸುರಿಯ ಜೊತೆ ಬಂದ ಅತ್ತೆ, ಅತ್ತೆಯ ಜೊತೆ ಬಂದ ಪಕ್ಕದ ಮನೆಯವಳು ಪರದೆ ಸರಿಸಿ ಒಳಗೆ ಬಂದು ಒಲೆಯ ಮೇಲಿನ ಮುಚ್ಚಳ ಎತ್ತಿ ನೋಡುತ್ತಿದ್ದರು. ಹುರುಳಿ ಬಸ್ಸಾರು ಇದ್ದರೆ ಒಂದು ಸೌಟು ಬಗ್ಗಿಸಿಕೊಂಡು ಉಪ್ಪು ಸಾಲದು ಎಂದು ನನಗೇ ಹೇಳುತ್ತಿದ್ದರು. ಕೊಡುವುದರಲ್ಲೂ ಅವರು ಹಿಂದೆ ಬೀಳಲಿಲ್ಲ. ಅವರೆಕಾಯಿ ಕಾಲಕ್ಕೆ ಅವರೆಕಾಯಿ, ಸಬ್ಬಸಿಗೆ ಸೊಪ್ಪು, ಒಮ್ಮೊಮ್ಮೆ ಕಾಲು ಕಟ್ಟಿದ ಜೀವಂತ ಹುಂಜ ಸಹ ತಂದು ಇಟ್ಟುಹೋಗುತ್ತಿದ್ದರು. ಆದರೆ ಅವ್ವ ಕೂತು ಒಂದು ಮುದ್ದೆಯನ್ನು ಪೂರ್ತಿ ಉಂಡದ್ದು ನಾನು ನೋಡಿದ ನೆನಪಿಲ್ಲ. ಅರ್ಧ ಮುದ್ದೆಗೆ ಯಾರೋ ಹೊರಗಿನಿಂದ ಕೂಗುತ್ತಿದ್ದರು. ಅವಳು ಕೈ ತೊಳೆದು ಏಳುತ್ತಿದ್ದಳು, ಉಳಿದರ್ಧ ತಟ್ಟೆಯಲ್ಲೇ ಒಣಗುತ್ತಿತ್ತು. ನಾನು ಅದನ್ನು ಹಿತ್ತಲಿನ ನಾಯಿಗೆ ಹಾಕಿ ತಟ್ಟೆ ತೊಳೆದಿಡುತ್ತಿದ್ದೆ.

ಇನ್ನು ಹಲಗೆಯ ವಿಷಯ. ನಮ್ಮ ಮುಂಬಾಗಿಲ ಪಕ್ಕದಲ್ಲಿ ಕಪ್ಪು ಬಣ್ಣ ಬಳಿದ ಒಂದು ಮರದ ಹಲಗೆಯನ್ನು ಮೊಳೆ ಹೊಡೆದು ಕೂರಿಸಿದ್ದರು. ನರ್ಸಮ್ಮ ಇವತ್ತು ಎಲ್ಲಿ, ಎಷ್ಟು ಹೊತ್ತಿಗೆ ವಾಪಸು ಎಂದು ಅದರ ಮೇಲೆ ಬರೆದಿರಬೇಕು. ಬೇರೆ ಊರುಗಳ ನರ್ಸುಗಳು ವಾರಕ್ಕೊಮ್ಮೆ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅವ್ವನಿಗೆ ಅದು ವ್ರತವಾಗಿತ್ತು. ಅವಳ ಐದು ಹಳ್ಳಿಗಳಲ್ಲಿ ಯಾವುದಕ್ಕೆ ಹೋದಳು, ಅಲ್ಲಿಂದ ಎಲ್ಲಿಗೆ, ಯಾರ ಮನೆಗೆ, ಎಲ್ಲ ಬರೆಯಬೇಕು. ಮೂರನೇ ತರಗತಿಗೆ ನನ್ನ ಅಕ್ಷರ ದುಂಡಗಾಯಿತೆಂದು ಆ ಕೆಲಸ ನನಗೆ ಬಂತು. ಮುಕ್ಕಾಲಿಯ ಮೇಲೆ ಹತ್ತಿ ಬರೆಯುತ್ತಿದ್ದೆ. 'ಸ್ನಾನ, ಹತ್ತು ನಿಮಿಷ' ಎಂದು ಬರೆಸಿದ ದಿನಗಳೂ ಇವೆ. ಅವ್ವ ವಾರದಲ್ಲಿ ಯಾವ ಯಾವ ದಿನ ತಲೆಗೆ ನೀರು ಹಾಕಿಕೊಳ್ಳುತ್ತಾಳೆಂದು ಊರಿಗೆಲ್ಲ ತಿಳಿದಿತ್ತು. ಹೊಲದಲ್ಲಿ ಕುಡುಗೋಲು ತಾಗಿಸಿಕೊಂಡು ಬಂದವರೂ ಮೊದಲು ಕೇಳುವುದು ಹಲಗೆ ಏನನ್ನುತ್ತದೆ ಎಂದೇ. ಅದು ಹೇಳಿದ ಮೇಲೆ ಮುಗಿಯಿತು, ಮರುಪ್ರಶ್ನೆ ಇಲ್ಲ. ಹಲಗೆ ಒಂದು ಗಂಟೆ ಎಂದರೆ ಒಂದು ಗಂಟೆಯ ತನಕ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಅಷ್ಟು ನಂಬಿಕೆ ಬರುವಂತೆ ಅವ್ವ ವರ್ಷಗಟ್ಟಲೆ ನಡೆದುಕೊಂಡಿದ್ದಳು.

ಬಂದವರಲ್ಲಿ ಓದಲು ಬಾರದವರೇ ಹೆಚ್ಚು. ಕಾಡಂಚಿನ ಹಾಡಿಯಿಂದ ಬರುತ್ತಿದ್ದ ಹೆಂಗಸರಿಗಂತೂ ಅದು ಬರೀ ಕಪ್ಪು ಮರ. ಹಾಗಾಗಿ ಹಲಗೆಯ ಜೊತೆ ಅದನ್ನು ಓದಿ ಹೇಳುವ ಒಬ್ಬರು ಮನೆಯಲ್ಲಿ ಇರಬೇಕಿತ್ತು. ಅದು ನಾನು. ಸ್ಕೂಲು ಬಿಟ್ಟ ತಕ್ಷಣ ಮನೆಗೆ ಬರಬೇಕು, ಅವ್ವ ಬರುವ ತನಕ ಹೊಸ್ತಿಲು ದಾಟಬಾರದು. ಜೊತೆಯ ಹುಡುಗಿಯರು ಕಾಲುವೆಯಲ್ಲಿ ಕಾಲಾಡಿಸಿಕೊಂಡು ಕುಂಟೆಬಿಲ್ಲೆ ಆಡಿಕೊಂಡು ಇರುವಾಗ ನಾನು ಕಿಟಕಿಯ ಸರಳು ಹಿಡಿದು ಕೂತು, ಬಂದವರಿಗೆ ಅವ್ವ ಇಂಥ ಕಡೆ ಹೋಗಿದ್ದಾಳೆ ಎಂದು ಒಪ್ಪಿಸುತ್ತಿದ್ದೆ. ಭಾನುವಾರ, ಹಬ್ಬ, ಬೇಸಿಗೆ ರಜ ಯಾವುದಕ್ಕೂ ರಿಯಾಯಿತಿ ಇರಲಿಲ್ಲ. ಯಾರೂ ನನಗೆ ಬೀಗ ಹಾಕಿರಲಿಲ್ಲ, ಯಾರೂ ಹೊಡೆಯುತ್ತಲೂ ಇರಲಿಲ್ಲ. ಎದ್ದು ಹೋಗಬಹುದಿತ್ತು. ಹೋದರೆ ಒಬ್ಬಳು ಸತ್ತುಹೋಗಬಹುದು ಎಂದು ಮಾತ್ರ ಹೇಳಿಟ್ಟಿದ್ದರು. ಎಂಟು ವರ್ಷದ ಮಗುವನ್ನು ಕಟ್ಟಿಹಾಕಲು ಅದಕ್ಕಿಂತ ಗಟ್ಟಿ ಹಗ್ಗ ನನಗೆ ತಿಳಿಯದು.

ಅಪ್ಪ ಕೆ.ಆರ್. ನಗರದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ರೈಟರು. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಮೆದು ಸ್ವಭಾವದ ಮನುಷ್ಯ. ಕೆ.ಆರ್. ನಗರದ ಕಡೆಗೆ ವರ್ಗ ಮಾಡಿಸಿಕೋ, ಮೂವರೂ ಒಂದು ಕಡೆ ಇರೋಣ ಎಂದು ಪ್ರತಿ ಭಾನುವಾರ ಮಧ್ಯಾಹ್ನ ಎಲೆಯಡಿಕೆ ಹೊತ್ತಿಗೆ ಶುರು ಮಾಡುತ್ತಿದ್ದರು. ಅವ್ವ ಅರ್ಜಿ ಹಾಕಿದ್ದೀನಲ್ಲ ಎನ್ನುತ್ತಿದ್ದಳು. ಹಾಕಿದ್ದು ನಿಜವೂ ಆಗಿತ್ತು. ಆ ಮಾತು ಮುಗಿಯುವುದರೊಳಗೆ ಹೊರಗಿನಿಂದ ಯಾರೋ ಕೂಗಿ, ಜಗಳ ಮುಂದಿನ ವಾರಕ್ಕೆ ಹೋಗುತ್ತಿತ್ತು. ಒಂದು ಸಲ ಪಿರಿಯಾಪಟ್ಟಣದಲ್ಲಿ ಚಿಕ್ಕಮ್ಮನ ಮದುವೆ. ಮದುವೆ ಮುಗಿಸಿ ಬೈಲಕುಪ್ಪೆಗೆ ಹೋಗಿ ಟಿಬೆಟಿನವರ ಗುಡಿ ನೋಡುವುದು ಎಂದು ಅವ್ವ ಮಾತು ಕೊಟ್ಟಿದ್ದಳು. ನಾನು ರೇಷ್ಮೆ ಲಂಗ ಉಟ್ಟು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೂ ಆಗಿತ್ತು. ಊರು ದಾಟಿ ರಾಗಿ ಹೊಲಗಳ ಹತ್ತಿರ ಬಂದಾಗ ಒಬ್ಬ ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತು ಬಸ್ಸು ನಿಲ್ಲಿಸಿದ. ನರ್ಸಮ್ಮ ಯಾವ ಬಸ್ಸಿಗೆ ಎಲ್ಲಿಗೆ ಹೋಗಿದ್ದಾಳೆಂದು ಹಲಗೆಯಲ್ಲಿತ್ತಲ್ಲ, ನಾನೇ ಬರೆದದ್ದು. ಅವ್ವ ಇಳಿದಳು, ಹಿಂದೆ ನಾನೂ ಇಳಿದೆ. ಆ ದಿನ ಆ ಮನೆಯಲ್ಲಿ ಹುಟ್ಟಿದ ಗಂಡಿಗೆ ಈಗ ಮಕ್ಕಳಿವೆ, ನನ್ನನ್ನು ಕಂಡರೆ ಅಕ್ಕ ಎನ್ನುತ್ತಾನೆ. ಅವನನ್ನು ನೋಡಿದಾಗೆಲ್ಲ ನನಗೆ ಆ ಲಂಗದ ಜರಿ ಕಣ್ಣಿಗೆ ಕಟ್ಟುತ್ತದೆ.

ಐದನೇ ತರಗತಿಯಲ್ಲಿದ್ದಾಗ ಮೇಷ್ಟ್ರು ವಸತಿ ಶಾಲೆಯ ಪರೀಕ್ಷೆಗೆ ನನ್ನ ಕೈಲಿ ಅರ್ಜಿ ಹಾಕಿಸಿದರು. ಪಾಸಾದರೆ ಮುಂದಿನ ವರ್ಷದಿಂದ ಅಲ್ಲೇ ಇದ್ದು ಓದಬೇಕು, ವರ್ಷಕ್ಕೆ ಎರಡು ಸಲ ಮಾತ್ರ ಮನೆ. ಈ ಎರಡನೆಯ ಮಾತನ್ನು ಅವರು ಸಂಕಟದಿಂದ ಹೇಳಿದರು. ನಾನು ಅದನ್ನು ಕೇಳಿದ ರಾತ್ರಿಯಿಂದಲೇ ಲೆಕ್ಕ ಬಿಡಿಸಲು ಕೂತೆ. ಪರೀಕ್ಷೆ ಒಂದೇ ಸಲ, ಆ ವರ್ಷ ತಪ್ಪಿದರೆ ಮತ್ತೆ ಇಲ್ಲ. ನಡೆಯುವುದು ಹುಣಸೂರಿನಲ್ಲಿ, ಒಂದು ಭಾನುವಾರ. ಅಪ್ಪ ಕೆ.ಆರ್. ನಗರದಿಂದ ನೇರ ಅಲ್ಲಿಗೆ ಬರುವುದು, ಅವ್ವ ನನ್ನನ್ನು ಬೆಳಗಿನ ಏಳರ ಬಸ್ಸಿಗೆ ಕರೆತರುವುದು ಎಂದಾಯಿತು. ಅವ್ವ ಒಪ್ಪಿದಳು. ಅಂತರಸಂತೆಯಲ್ಲಿದ್ದ ಇನ್ನೊಬ್ಬ ನರ್ಸಿಗೆ ಆ ದಿನದ ಮಟ್ಟಿಗೆ ನನ್ನ ಊರೂ ನೋಡಿಕೊಳ್ಳಿ ಎಂದು ಹೇಳಿಯೂ ಬಂದಳು. ಚಿಕ್ಕತಾಯಿ ಎಂಬ ಚೊಚ್ಚಲ ಬಸುರಿ ಪರೀಕ್ಷೆಯ ಹಿಂದಿನ ದಿನ ಬಂದಿದ್ದಳು. ಹತ್ತೊಂಬತ್ತರ ಹುಡುಗಿ, ನಮ್ಮ ಮನೆಯಿಂದ ಐದನೇ ಮನೆ. ಅವ್ವ ಹೊಟ್ಟೆ ಮುಟ್ಟಿ ನೋಡಿ ಇನ್ನೂ ಒಂದು ವಾರದ ಮೇಲಿದೆ ಎಂದಳು. ನಾನು ಪರದೆಯ ಈಚೆ ಕೇಳಿಸಿಕೊಂಡೆ, ನಂಬಲಿಲ್ಲ. ಒಂದು ವಾರ ಎಂದು ಹೇಳಿ ಕಳಿಸಿದವರು ಮರುದಿನವೇ ಬಂದು ಬಾಗಿಲು ಬಡಿದದ್ದು ಎಷ್ಟು ಸಲ ನೋಡಿಲ್ಲ.

ಭಾನುವಾರ ಬೆಳಿಗ್ಗೆ ಅವ್ವ ಬಚ್ಚಲಿಂದಲೇ ಕೂಗಿ ಹಲಗೆಗೆ ಏನು ಬರೆಯಬೇಕೆಂದು ಹೇಳಿದಳು. ಹುಣಸೂರಿಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ, ತುರ್ತಿದ್ದರೆ ಅಂತರಸಂತೆ ನರ್ಸಮ್ಮನ ಹತ್ತಿರ ಹೋಗಿ. ನಾನು ಸೀಮೆಸುಣ್ಣ ಹಿಡಿದು ಮುಕ್ಕಾಲಿ ಹತ್ತಿದೆ. ಹುಣಸೂರು ಎಂದು ಬರೆದರೆ ಮುಗಿಯಿತು, ಯಾರಾದರೂ ಓಡಿಬಂದು ಬಸ್ಸಿಗೆ ಅಡ್ಡ ನಿಲ್ಲುತ್ತಾರೆ, ಅವ್ವ ಇಳಿಯುತ್ತಾಳೆ. ನಾನು ಬೀಚನಹಳ್ಳಿ ಎಂದು ಬರೆದೆ. ಹುಣಸೂರಿನ ಬಸ್ಸಿಗೆ ಅದು ತದ್ವಿರುದ್ಧ ದಿಕ್ಕು. ಹಾಗೆ ಬರೆದ ಮೇಲೆ ಸಂಜೆ ಬರುತ್ತಾರೆ ಎಂದರೆ ಹೊಂದುವುದಿಲ್ಲ, ಬೀಚನಹಳ್ಳಿಗೆ ಹೋದರೆ ಅವ್ವ ಯಾವಾಗಲೂ ಹನ್ನೊಂದಕ್ಕೆ ಬರುವವಳು. ಹಾಗಾಗಿ ಹನ್ನೊಂದು ಗಂಟೆಗೆ ಬರುತ್ತಾರೆ ಎಂದು ಬರೆದೆ. ಹನ್ನೊಂದಕ್ಕೆ ಬರುವವಳಿಗೆ ಅಂತರಸಂತೆಯ ನರ್ಸು ಯಾಕೆ ಬೇಕು, ಅದನ್ನು ಬರೆಯಲಿಲ್ಲ. ಒಂದು ಸುಳ್ಳನ್ನು ಅಚ್ಚುಕಟ್ಟು ಮಾಡಲು ಹೋಗಿ ಇನ್ನೊಂದು ಸುಳ್ಳು ಬರೆದೆ, ಒಂದು ನಿಜವನ್ನು ಬಿಟ್ಟೆ. ಹತ್ತು ವರ್ಷದ ನನಗೆ ಅದರಲ್ಲಿ ಭಾಷೆ ಸರಿಯಾಗಿದೆಯೇ ಎಂಬುದಷ್ಟೇ ಮುಖ್ಯವಾಗಿತ್ತು.

ಅವ್ವ ಸೀರೆ ಉಟ್ಟು ಬಂದಳು. ಬೀಗ ಹಾಕಿ ಎರಡು ಸಲ ಎಳೆದು ನೋಡಿದಳು. ನಾನು ಹಲಗೆಯ ಕೆಳಗೆ ನಿಂತಿದ್ದೆ. ಬರೆದೆಯಾ ಎಂದು ಕೇಳಿದಳು, ಹೂಂ ಎಂದೆ. ಬಸ್ಸು ಹಾರ್ನ್ ಹಾಕಿತು, ಇಬ್ಬರೂ ಓಡಿದೆವು. ಆ ಹೊತ್ತಿಗೆ ನಮ್ಮೂರಿಂದ ಹತ್ತಿದವರು ನಾವಿಬ್ಬರೇ. ಆ ಬಸ್ಸಿನ ದಾರಿಯ ಸುಖ ನನಗೆ ಆಮೇಲೆ ಯಾವ ಪ್ರಯಾಣದಲ್ಲೂ ಸಿಕ್ಕಿಲ್ಲ, ಹೇಳಲು ನಾಚಿಕೆಯಾಗುತ್ತದೆ. ಅವ್ವ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಎಚ್.ಡಿ. ಕೋಟೆಯಲ್ಲಿ ಬಸ್ಸು ನಿಂತಾಗ ಹುರಿದ ಕಡಲೆಕಾಯಿ ಕೊಡಿಸಿದಳು. ತಾನು ಹುಡುಗಿಯಾಗಿದ್ದಾಗ ಕೆ.ಆರ್. ನಗರದ ನಾಲೆಯಲ್ಲಿ ಈಜಲು ಹೋಗಿ ಲಂಗ ತೇಲಿಹೋದದ್ದನ್ನು ಹೇಳಿ ನಕ್ಕಳು. ಅವಳು ಅಷ್ಟು ಹೊತ್ತು ಎಡೆಬಿಡದೆ ನನ್ನ ಜೊತೆ ಮಾತಾಡಿದ್ದು ಅದೇ ಮೊದಲು. ಒಂದು ಸಲವೂ ಕಿಟಕಿಯ ಆಚೆ ನೋಡಲಿಲ್ಲ. ಪರೀಕ್ಷೆ ಸುಲಭವಾಗಿತ್ತು. ಅಪ್ಪ ಮಸಾಲೆದೋಸೆ ಕೊಡಿಸಿದರು. ಮೂವರೂ ಹೋಟೆಲಿನಲ್ಲಿ ಒಂದು ಮೇಜಿಗೆ ಕೂತು, ಯಾರೂ ಕೂಗದೆ, ತಟ್ಟೆ ಖಾಲಿಯಾಗುವ ತನಕ ತಿಂದೆವು.

ಸಂಜೆ ಬಂದಾಗ ನಮ್ಮ ಜಗಲಿ ಒದ್ದೆಯಿತ್ತು, ಯಾರೋ ನೀರು ಸುರಿದು ತೊಳೆದಿದ್ದರು. ಮೂಲೆಯಲ್ಲಿ ಮಡಚಿದ ಗೋಣಿತಾಟು ಬಿದ್ದಿತ್ತು. ಪಕ್ಕದ ಮನೆಯವರು ತಲೆ ತಗ್ಗಿಸಿಕೊಂಡು ಬಂದು ಹೇಳಿದರು. ನಾವು ಹೋದ ಕಾಲು ಗಂಟೆಗೆ ಚಿಕ್ಕತಾಯಿಗೆ ನೀರು ಒಡೆದಿತ್ತು. ಗಂಡ ಅವಳನ್ನು ಕರೆತಂದು ಅಕ್ಷರ ಕೂಡಿಸಿ ಹಲಗೆ ಓದಿದ. ಹನ್ನೊಂದಕ್ಕೆ ಬರ್ತಾರಂತೆ ಎಂದು ಅವಳನ್ನು ಜಗಲಿಯ ಮೇಲೆ ಮಲಗಿಸಿ, ತಾನು ಸೈಕಲ್ಲು ಹತ್ತಿ ಬೀಚನಹಳ್ಳಿಗೆ ಹೋಗಿ ಮಧ್ಯಾಹ್ನದ ತನಕ ಮನೆಮನೆ ಕೇಳುತ್ತ ಅಲೆದ. ಅವಳು ಮುಚ್ಚಿದ ಬಾಗಿಲ ಮುಂದೆ ಹನ್ನೊಂದರ ತನಕ ಕಾದಳು. ಹಲಗೆ ಹೇಳಿದೆಯಲ್ಲ, ಇನ್ನೇನು ಬಂದುಬಿಡುತ್ತಾರೆ ಎಂದು ಹನ್ನೆರಡರ ತನಕವೂ ಕಾದಳು. ಆಮೇಲೆ ಟ್ರ್ಯಾಕ್ಟರಿನಲ್ಲಿ ಅಂತರಸಂತೆಗೆ ಒಯ್ದರು. ಕೊರಳಿಗೆ ಕರುಳು ಸುತ್ತಿಕೊಂಡಿದ್ದ ಗಂಡುಮಗು ದಾರಿಯಲ್ಲೇ ಹುಟ್ಟಿತು, ಅಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರೆ ಎಂಟು ಗಂಟೆಯೊಳಗೆ ಅವರು ಆ ನರ್ಸಿನ ಮುಂದಿರುತ್ತಿದ್ದರು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಲೆಕ್ಕದಲ್ಲಿ ನಾನು ಜಾಣೆ.

ಅವ್ವ ಕೈಚೀಲವನ್ನೂ ಇಳಿಸದೆ ಆ ಮನೆಗೆ ಹೋದಳು, ನಾನು ಹಿಂದೆ ಹೋದೆ. ಅಂಗಳ ತುಂಬ ಜನ. ಚಿಕ್ಕತಾಯಿಯ ಅತ್ತೆ ನಡುವೆ ಕೂತಿದ್ದಳು. ಅವಳು ಬಯ್ಯಲಿಲ್ಲ. ಅಕ್ಷರ ನಿಮ್ಮ ಮಗಳದ್ದು ಅಂತಾರೆ, ಹೌದಾ ಎಂದು ಮಾತ್ರ ಕೇಳಿದಳು. ಅವ್ವ ನನ್ನ ಕಡೆ ತಿರುಗಲಿಲ್ಲ.

"ಅಕ್ಷರ ಅವಳದ್ದು. ಮಾತು ನಂದು. ನಾನು ಹೇಳಿದಂಗೆ ಅವಳು ಬರೆದಳು."

ಅಲ್ಲಿಗೆ ಊರಿನ ಮಟ್ಟಿಗೆ ವಿಚಾರಣೆ ಮುಗಿಯಿತು. ಮೇಲಿನವರು ನೋಟೀಸು ಕಳಿಸಿದಾಗಲೂ ಅವ್ವ ಅದೇ ಉತ್ತರ ಬರೆದಳು. ಮನೆಯಲ್ಲಿ ನನ್ನನ್ನು ಏನೂ ಕೇಳಲಿಲ್ಲ. ಕೇಳಲಿ ಎಂದು ನಾನು ಕಾದೆ, ಹೊಡೆಯಲಿ ಎಂದೂ ಆಸೆಪಟ್ಟೆ. ಮರುದಿನ ಬೆಳಿಗ್ಗೆ ಅವಳು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮುಕ್ಕಾಲಿ ತಂದಿಟ್ಟು, ಸೀಮೆಸುಣ್ಣವನ್ನು ನನ್ನ ಮುಂದೆ ಹಿಡಿದಳು.

"ಬರಿ," ಎಂದಳು. "ಇವತ್ತು ನಾನು ಎಲ್ಲೂ ಹೋಗಲ್ಲ ಅಂತ ಬರಿ."

ನಾನು ಬರೆಯುವ ತನಕ ಪಕ್ಕದಲ್ಲೇ ನಿಂತಿದ್ದಳು. ಅದು ಶಿಕ್ಷೆಯೋ ಕ್ಷಮೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ವರ್ಷ ಮುಗಿಯುವ ತನಕ ದಿನವೂ ಬರೆದೆ. ಬಂದವರು ಹಲಗೆ ಓದಿ, ಆಮೇಲೆ ಕಿಟಕಿಯ ಹತ್ತಿರ ಬಂದು, ನಿಜವಾ ಎಂದು ನನ್ನನ್ನು ಕೇಳುತ್ತಿದ್ದರು. ಮೊದಲು ಹಾಗೆ ಯಾರೂ ಕೇಳುತ್ತಿರಲಿಲ್ಲ.

ಎರಡು ಕಾಗದಗಳು ಒಂದೇ ತಿಂಗಳಲ್ಲಿ ಬಂದವು. ಒಂದು ನಾನು ಪಾಸಾದದ್ದು, ಇನ್ನೊಂದು ಅವ್ವನಿಗೆ ಕೆ.ಆರ್. ನಗರದ ಕಡೆಗೆ ವರ್ಗವಾದದ್ದು. ಅಪ್ಪ ಶನಿವಾರ ಬರುವಾಗ ಮೈಸೂರ್ ಪಾಕು ತಂದಿದ್ದರು. ಅವ್ವ ತನ್ನ ಕಾಗದವನ್ನು ಮಡಚಿ, ಇದನ್ನು ವಾಪಸು ಮಾಡ್ತೀನಿ, ಅವಳು ಮಾತ್ರ ಹೋಗಲಿ ಎಂದಳು. ಅಪ್ಪ ಆ ದಿನ ಮೊದಲ ಸಲ ದನಿ ಎತ್ತಿ ಜಗಳವಾಡಿದರು, ಆ ದಿನ ಹೊರಗಿನಿಂದ ಯಾರೂ ಕೂಗಲಿಲ್ಲ. ಅವ್ವ ಕಾರಣ ಹೇಳಲಿಲ್ಲ. ನಾನು ಟ್ರಂಕು ಹೊತ್ತು ಹೋದೆ. ಆ ಶಾಲೆಯಲ್ಲಿ ಪ್ರತಿ ಕೋಣೆಗೂ ಬಾಗಿಲಿತ್ತು. ಅದು ಮುಚ್ಚಿದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಮುಚ್ಚಿದ ಬಾಗಿಲಿನ ಆಚೆ ಯಾರೋ ಮಲಗಿ ಕಾಯುತ್ತಿದ್ದಾರೆ ಎಂದು ಎದ್ದು ಎದ್ದು ತೆರೆದು ನೋಡಿ ಜೊತೆಯ ಹುಡುಗಿಯರ ಕೈಲಿ ಬೈಸಿಕೊಳ್ಳುತ್ತಿದ್ದೆ. ನಾನು ತಪ್ಪಿಸಿಕೊಂಡು ಬಂದಿದ್ದೆ, ನನ್ನ ಜಾಗದಲ್ಲಿ ಅವ್ವನನ್ನು ಕೂಡಿಹಾಕಿ ಬಂದಿದ್ದೆ. ಅಪ್ಪನ ಶನಿವಾರಗಳು ತಿಂಗಳಿಗೊಂದಾದವು, ಆಮೇಲೆ ಹಬ್ಬಕ್ಕೊಂದಾದವು. ಅವರು ಕೆ.ಆರ್. ನಗರದ ಬಾಡಿಗೆ ಮನೆಯಲ್ಲೇ ಒಬ್ಬರೇ ತೀರಿಕೊಂಡರು. ಅದನ್ನೂ ನನ್ನ ತಲೆಗೇ ಕಟ್ಟಿಕೊಂಡೆ.

ಅವ್ವ ಬದಲಾದದ್ದು ರಜಕ್ಕೆ ಬಂದಾಗ ಕಾಣುತ್ತಿತ್ತು. ಪ್ರತಿ ಭಾನುವಾರ ಚಿಕ್ಕತಾಯಿಯ ಮನೆಗೆ ಹೋಗುತ್ತಿದ್ದಳು. ಮೊದಲ ವರ್ಷ ಅವರು ಒಳಗೆ ಕರೆಯಲಿಲ್ಲ, ಬೇಲಿಯ ಹತ್ತಿರ ನಿಂತು ಬರುತ್ತಿದ್ದಳು. ಆಮೇಲೆ ಅಂಗಳ, ಇನ್ನೂ ಆಮೇಲೆ ಪಡಸಾಲೆ. ಚಿಕ್ಕತಾಯಿಗೆ ಮುಂದೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು, ಎರಡೂ ಹೆರಿಗೆ ಅವ್ವನೇ ಮಾಡಿಸಿದ್ದು. ವರ್ಗಾವಣೆಗಳು ಬಂದವು, ಅವ್ವ ವಾಪಸು ಮಾಡಿದಳು. ನಿವೃತ್ತಿಯಾದ ಮೇಲೂ ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು, ಸಂಬಳವಿಲ್ಲದೆ ಅದೇ ಕೆಲಸ ಮುಂದುವರಿಸಿದಳು. ಕೊರೊನಾ ಕಾಲದಲ್ಲಿ ಅರವತ್ತೈದು ದಾಟಿದ ಹೆಂಗಸು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮನೆಮನೆ ತಿರುಗಿ ಜ್ವರ ನೋಡಿದಳು. ನಾನು ಹುಣಸೂರಿನಲ್ಲಿ ಹೈಸ್ಕೂಲು ಮೇಡಮ್ಮು. ನನ್ನ ಮನೆಯಲ್ಲಿ ಅವಳಿಗೆಂದೇ ಒಂದು ಕೋಣೆ ಕಟ್ಟಿಸಿದ್ದೆ. ಬಾ ಎಂದು ಪ್ರತಿ ವಾರ ಕರೆಯುತ್ತಿದ್ದೆ. ನೋಡಾನ ಎನ್ನುತ್ತಿದ್ದಳು. ನನ್ನ ತಪ್ಪಿಗೆ ಅವಳು ತೀರಿಸುತ್ತಿದ್ದಾಳೆ ಎಂದು ಗೊತ್ತಿದ್ದರೂ, ಬರೆದದ್ದು ನಾನೇ, ಬೇಕೆಂದೇ ಬರೆದೆ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಹೇಳಿದರೆ ಅವಳು ನನ್ನ ಮುಖ ನೋಡುವುದಿಲ್ಲ ಎಂದು ಹೆದರಿದ್ದೆ. ಹೀಗೆ ಅವ್ವ ಇದ್ದಷ್ಟು ದಿನವೂ ಹೇಳಲಿಲ್ಲ.

ಹನ್ನೊಂದನೇ ದಿನದ ಊಟ ಮುಗಿದು ಜನ ಕರಗಿದ ಮೇಲೆ ಚಿಕ್ಕತಾಯಿ ಉಳಿದುಕೊಂಡಳು. ತಲೆ ನರೆತಿದೆ, ಮೊಣಕಾಲು ಹಿಡಿದುಕೊಂಡು ಕೂರುತ್ತಾಳೆ. ನನ್ನ ಜೊತೆ ಪಾತ್ರೆಗಳನ್ನು ಒರೆಸಿ ಇಡುತ್ತಿದ್ದಳು. ಇವತ್ತು ಹೇಳದಿದ್ದರೆ ಇನ್ನು ಹೇಳಲು ಯಾರೂ ಉಳಿಯುವುದಿಲ್ಲ ಎನಿಸಿತು. ಹೇಳಿದೆ. ಹಲಗೆಗೆ ಅವ್ವ ಹೇಳಿದ್ದು ಬೇರೆ, ನಾನು ಬರೆದದ್ದು ಬೇರೆ ಎಂದೆ. ಹಾಗೆ ಯಾಕೆ ಬರೆದೆ ಎಂಬುದನ್ನೂ ಬಿಡದೆ ಹೇಳಿದೆ. ಅವಳು ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣವ್ವ. ನಿಮ್ಮವ್ವ ಮೊದಲ್ನೇ ವರ್ಸವೇ ಏಳಿದ್ಲು. ಬೀಗ ಆಕ್ವಾಗ ಅಲಗೆ ಓದಿದ್ಲಂತೆ. ಅಳಿಸಾನ ಅಂತ ಅನ್ಕಂಡ್ಲಂತೆ. ಒಂದು ದಿನ ನನ್ನ ಮಗಳ್ಗೆ ತಾಯಿ ಆಗಿರಾನ ಅಂತ ಬುಟ್ಬುಟ್ಟೆ ಅಂದ್ಲು."

ನಾನು ಗೋಡೆಗೆ ಒರಗಿ ಕೂತೆ. ಆ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ನಗುತ್ತಿದ್ದವಳಿಗೆ ಎಲ್ಲ ಗೊತ್ತಿತ್ತು. ಚಿಕ್ಕತಾಯಿ ನಿಧಾನವಾಗಿ, ತನ್ನ ಕಥೆಯಲ್ಲವೆಂಬಂತೆ, ಉಳಿದದ್ದನ್ನೂ ಹೇಳಿದಳು. ಅವ್ವ ಬೇಲಿಯ ಹತ್ತಿರ ನಿಂತು ಅದನ್ನೆಲ್ಲ ಒಪ್ಪಿಕೊಂಡ ದಿನ, ವರ್ಗಾವಣೆ ಬಂದಿದೆ ಎಂದೂ ತಿಳಿಸಿದಳಂತೆ. ಆಗ ಚಿಕ್ಕತಾಯಿ, ನಾನು ಯಾರಿಗೂ ಹೇಳುವುದಿಲ್ಲ, ನೀವು ಮಾತ್ರ ಈ ಊರು ಬಿಟ್ಟು ಹೋಗಬಾರದು, ನಾನು ದಿನಾ ನಿಮ್ಮ ಮುಖ ನೋಡಬೇಕು, ನೀವು ನನ್ನ ಮುಖ ನೋಡಬೇಕು ಎಂದಳಂತೆ. ಅವ್ವ ಆಗಲಿ ಎಂದು ಹೇಳಿ ಬಂದಳು. ಆ ಮಾತನ್ನು ಆಡುವಾಗ ತನಗೆ ಹತ್ತೊಂಬತ್ತು ವರ್ಷ, ಎದೆಯಲ್ಲಿ ಹಾಲಿತ್ತು ಎಂದಳು ಚಿಕ್ಕತಾಯಿ.

"ಆಮ್ಯಾಕೆ ನಾನೇ ಬುಟ್ಟೆ ಕಣವ್ವ. ಅವ್ಳು ರಿಟೈರಾದ ದಿನ ಮನೆಗೆ ಓಗಿ ಕೈ ಇಡ್ಕೊಂಡು ಏಳಿದೆ. ಸಾಕು, ನಂದು ತೀರ್ತು, ಮಗಳ ಮನೆಗೆ ಓಗಿ ನೆಮ್ಮದಿಯಾಗಿರು ಅಂತ."

ಅದು ಹತ್ತು ವರ್ಷದ ಹಿಂದಿನ ಮಾತು. ಹತ್ತು ವರ್ಷ ನನ್ನ ಮನೆಯ ಆ ಕೋಣೆ ಖಾಲಿ ಇತ್ತು. ನಾನು ಪ್ರತಿ ವಾರ ಒಂದೂವರೆ ಗಂಟೆ ಬಸ್ಸಿನಲ್ಲಿ ಬಂದು, ಅವ್ವನ ಜೊತೆ ಉಂಡು, ಮಳೆಯ ವಿಷಯ, ಮೊಣಕಾಲಿನ ವಿಷಯ ಮಾತಾಡಿ ಹೋಗುತ್ತಿದ್ದೆ. ಹಾಗಾದರೆ ಯಾಕೆ ಬರಲಿಲ್ಲ ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಚಿಕ್ಕತಾಯಿ ಕೊನೆಯ ತಟ್ಟೆಯನ್ನು ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಪಕ್ಕ ಬಂದು ಕೂತಳು.

"ಎದರ್ಕೊಂಡಿದ್ಲು ಕಣವ್ವ. ಒಂದೇ ಮನೇಲಿ ಇದ್ರೆ ಒಂದಲ್ಲ ಒಂದಿನ ಬಾಯ್ಬುಟ್ಬುಡ್ತೀನಿ, ಅವತ್ತು ಅಲಗೆ ನಾನು ಓದಿದ್ದೆ ಅಂತ ಗೊತ್ತಾದ್ರೆ ನನ್ನ ಮಗಳು ನನ್ನ ಮುಖ ನೋಡಾಕಿಲ್ಲ ಅಂತಿದ್ಲು."